ಗುಂಗುರು ಕೂದಲಿನ ಮರಿ ತಂದರೆ ಸೀನು ನಿಲ್ಲುತ್ತಾ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ. ನಾಯಿಮರಿ ಬೇಕೆಂದು ಎರಡು ವರ್ಷದಿಂದ ಒಂದೇ ಹಟ. ಆದರೆ ನಾಯಿ ಇರುವ ಗೆಳತಿಯರ ಮನೆಗೆ ಹೋದರೆ ಸೀನುತ್ತಾಳೆ, ಕಣ್ಣು ತುರಿಸಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಒಮ್ಮೊಮ್ಮೆ, ತಕ್ಷಣಕ್ಕೆ ಉಸಿರಾಟ ಸರಾಗ ಮಾಡುವ ನೀಲಿ ಇನ್ಹೇಲರ್ ಬೇಕಾಗುತ್ತದೆ. ಮೈಸೂರಿನಿಂದ ಅತ್ತೆ ಏಪ್ರಿಲ್‌ನಲ್ಲಿ ಬರುತ್ತಾರೆ, ನಾಲ್ಕೈದು ತಿಂಗಳು ಇರುತ್ತಾರೆ. ಅವರಿಗೆ ಉಬ್ಬಸ ಇದೆ. ನಾವು ಕ್ಯಾವಪೂ (ಕ್ಯಾವಲಿಯರ್ ಸ್ಪ್ಯಾನಿಯಲ್‌ಗೆ ಗುಂಗುರು ಕೂದಲಿನ ಪೂಡಲ್ ಬೆರೆಸಿದ ತಳಿ) ಮರಿಯೊಂದನ್ನು ಫೋಟೋದಲ್ಲಿ ನೋಡಿ ಮೆಚ್ಚಿದ್ದೇವೆ. ಎಫ್1ಬಿ (ಮುಕ್ಕಾಲು ಪಾಲು ಪೂಡಲ್), ಹೈಪೋಅಲರ್ಜೆನಿಕ್ (ಅಲರ್ಜಿ ತರದ್ದು), ಕೂದಲು ಉದುರುವುದೇ ಇಲ್ಲ ಎನ್ನುತ್ತಾರೆ ಬ್ರೀಡರ್. ಶನಿವಾರದೊಳಗೆ 300 ಪೌಂಡ್ ಮುಂಗಡ ಕೊಡಬೇಕಂತೆ, ವಾಪಸ್ ಇಲ್ಲವಂತೆ. ಕೊಡಬಹುದಾ?

ಉತ್ತರ: ಈ ಶನಿವಾರ ಕೊಡಬೇಡಿ. ಮರಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನೋಡಬೇಕಾದ್ದನ್ನು ನೀವಿನ್ನೂ ನೋಡಿಲ್ಲ, ಅಷ್ಟೇ.

ಮೊದಲು ನನ್ನದೇ ವಿಷಯ ಹೇಳಿಬಿಡುತ್ತೇನೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿದವನು ನಾನು. ಈಗ ನಿಮ್ಮ ಹಾಗೆ ಇಂಗ್ಲೆಂಡಿನಲ್ಲೇ ಇದ್ದೇನೆ, ದಿನವೆಲ್ಲ ನಾಯಿ ಬೆಕ್ಕುಗಳ ನಡುವೆ. ನನಗೇ ನಾಯಿ ಅಲರ್ಜಿ ಇದೆ. ನಗಬೇಡಿ, ನಮ್ಮ ಕಸುಬಿನಲ್ಲಿ ಇದೇನು ಅಪರೂಪವಲ್ಲ. ನಮ್ಮ ಮನೆಯ ಮುದಿ ಲ್ಯಾಬ್ರಡಾರ್ ನನ್ನ ಬಟ್ಟೆಗೆಲ್ಲ ಕೂದಲು ಮೆತ್ತುತ್ತಾಳೆ. ಅವಳ ಪಕ್ಕ ಸೋಫಾದಲ್ಲಿ ಗಂಟೆಗಟ್ಟಲೆ ಕೂತರೂ ನನಗೇನೂ ಆಗುವುದಿಲ್ಲ. ಹೋದ ತಿಂಗಳು ಲಸಿಕೆಗೆ ಒಂದು ಲ್ಯಾಬ್ರಡೂಡಲ್ ಬಂದಿತ್ತು, ಲ್ಯಾಬ್ರಡಾರ್‌ಗೆ ಪೂಡಲ್ ಬೆರೆಸಿದ್ದು. ಗುಂಗುರು ಗುಂಗುರಾಗಿ ಆಟದ ಗೊಂಬೆಯ ಹಾಗೆ. ಪ್ರೀತಿಯಿಂದ ನನ್ನ ಮುಂಗೈ ನೆಕ್ಕಿತು. ಹತ್ತು ನಿಮಿಷ ಆಗಿರಲಿಲ್ಲ, ನಾಲಿಗೆ ಹೋದ ದಾರಿಯುದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಂಧೆ ಎದ್ದವು. ಅದನ್ನು ಸಾಕಿದಾಕೆಗೆ ಗಾಬರಿ. ಹೈಪೋಅಲರ್ಜೆನಿಕ್ ಅಂತ ಹೇಳಿಯೇ ಕೊಟ್ಟಿದ್ದರಂತೆ.

ವಿಷಯ ಇಷ್ಟೇ: ಅಲರ್ಜಿ ಮಾಡುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಏಳುವ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಕೆಲವು ಪ್ರೋಟೀನುಗಳು. ಇವುಗಳಿಗೆ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಅಂತ ನಂಬರು ಕೊಟ್ಟಿದ್ದಾರೆ. ಕ್ಯಾನ್ ಎಫ್ 1 ಮುಖ್ಯವಾಗಿ ಜೊಲ್ಲಿನಿಂದ ಬರುತ್ತದೆ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಪುಡಿಯಾಗಿ ಗಾಳಿಗೆ ಏರುತ್ತದೆ. ಕೂದಲು ಅದನ್ನು ಹೊತ್ತು ತಿರುಗುವ ಗಾಡಿ, ಅಷ್ಟೇ. ಗುಂಗುರು ಕೂದಲಿನ ನಾಯಿಗೂ ನಾಲಿಗೆ ಇದೆ, ಚರ್ಮ ಇದೆ, ಅಲ್ವಾ?

ಇದನ್ನು ಅಳೆದೂ ನೋಡಿದ್ದಾರೆ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನವರು ಒಂದೇ ಒಂದು ನಾಯಿ ಇರುವ 173 ಮನೆಗಳ ಧೂಳು ಪರೀಕ್ಷಿಸಿದರು. 'ಅಲರ್ಜಿ ಆಗದ' ತಳಿಗಳ ಮನೆಗೂ ಉಳಿದ ಮನೆಗೂ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ನೆದರ್ಲ್ಯಾಂಡ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಾಯಿಗಳ ಮೈಕೂದಲಲ್ಲೇ ಅಳೆದರು. ಪೂಡಲ್, ಲ್ಯಾಬ್ರಡೂಡಲ್ ಇರುವ ಈ ಗುಂಪಿನ ಕೂದಲಲ್ಲಿ ಕ್ಯಾನ್ ಎಫ್ 1 ಬೇರೆ ನಾಯಿಗಳಿಗಿಂತ ಕಡಿಮೆ ಇರಲಿಲ್ಲ. ಜಾಸ್ತಿಯೇ ಇತ್ತು! ಲ್ಯಾಬ್ರಡೂಡಲ್ ಮನೆಗಳ ನೆಲದ ಧೂಳಲ್ಲಿ ಮಾತ್ರ ಸ್ವಲ್ಪ ಕಡಿಮೆ ಸಿಕ್ಕಿತು. ಗಾಳಿಯಲ್ಲಿ ಅಳೆದಾಗ ವ್ಯತ್ಯಾಸ ಇರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಬೇಕಾದದ್ದು. ತಳಿ ತಳಿಗಳ ನಡುವಿನ ವ್ಯತ್ಯಾಸ ಸಣ್ಣದು, ಒಂದೇ ತಳಿಯ ಒಂದು ನಾಯಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು.

ಹಾಗಾದರೆ ಈ ಕಥೆ ಎಲ್ಲಿಂದ ಹುಟ್ಟಿತು? ಮೂಲ ತುಂಬ ಚೆನ್ನಾಗಿದೆ, ಹೇಳುತ್ತೇನೆ.

1980ರ ದಶಕದ ಕೊನೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಕುರುಡರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯೊಂದಿತ್ತು. ಅಲ್ಲಿ ತಳಿ ವಿಭಾಗ ನೋಡಿಕೊಳ್ಳುತ್ತಿದ್ದವರು ವಾಲಿ ಕಾನ್ರನ್. ಹವಾಯಿಯಿಂದ ಒಬ್ಬ ಮಹಿಳೆ ಪತ್ರ ಬರೆದರು. ಆಕೆಗೆ ಕಣ್ಣು ಕಾಣದು, ದಾರಿ ತೋರಲು ನಾಯಿ ಬೇಕು. ಗಂಡನಿಗೆ ನಾಯಿ ಅಲರ್ಜಿ. ಕಾನ್ರನ್ ಮೊದಲು ದೊಡ್ಡ ಪೂಡಲ್‌ಗಳನ್ನೇ ತರಬೇತಿಗೆ ಹಾಕಿ ನೋಡಿದರು. ಒಂದೂ ಆ ಕೆಲಸಕ್ಕೆ ಒಗ್ಗಲಿಲ್ಲ. ಕೊನೆಗೆ ಲ್ಯಾಬ್ರಡಾರ್ ಹೆಣ್ಣಿಗೆ ಪೂಡಲ್ ಗಂಡು ಕೂಡಿಸಿದರು. ಮೂರು ಮರಿ ಹುಟ್ಟಿದವು.

ಆಮೇಲೆ ಅವರು ಮಾಡಿದ್ದನ್ನು ಗಮನಿಸಿ. ಗುಂಗುರು ಕೂದಲು ಬಂತು, ಕೆಲಸ ಮುಗಿಯಿತು ಅಂತ ಕೈ ತೊಳೆದುಕೊಳ್ಳಲಿಲ್ಲ. ಮೂರೂ ಮರಿಗಳ ಕೂದಲು, ಜೊಲ್ಲು ತೆಗೆದು ಹವಾಯಿಗೆ ಕಳಿಸಿದರು, ಆ ಗಂಡನ ಮೇಲೆಯೇ ಪರೀಕ್ಷೆ ಮಾಡಿಸಿದರು. ಮೂರರಲ್ಲಿ ಒಂದೇ ಒಂದು ಅವರಿಗೆ ಒಗ್ಗಿತು. ಅದು ಸುಲ್ತಾನ್. ಮುಂದಿನ ಸೂಲಿನಲ್ಲಿ ಹತ್ತು ಮರಿ, ಅಲರ್ಜಿ ತಾರದವು ಮೂರೇ. ಒಂದೇ ತಾಯಿ ಹೊಟ್ಟೆಯವು! ಅಂದರೆ ಲ್ಯಾಬ್ರಡೂಡಲ್ ಹುಟ್ಟಿದ ಮನೆಯಲ್ಲೇ ಎಲ್ಲ ಮರಿಗಳೂ ಅಲರ್ಜಿಗೆ ಆಗುವಂತಿರಲಿಲ್ಲ.

ಆದರೆ ಹೆಸರು ಓಡಿತು. ಮಿಶ್ರತಳಿ ಮರಿಯನ್ನು ಸಾಕಿಕೊಡಲು ಮೊದಲು ಯಾರೂ ಮುಂದೆ ಬಂದಿರಲಿಲ್ಲ. 'ಲ್ಯಾಬ್ರಡೂಡಲ್' ಎಂಬ ಹೊಸ ತಳಿ ಅಂದ ಕೂಡಲೇ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಆಮೇಲೆ ಪೂಡಲ್ ಬೆರೆಸಿದ ಕಾಕಪೂ, ಕ್ಯಾವಪೂ, ಮಾಲ್ಟಿಪೂ, ಗೋಲ್ಡನ್‌ಡೂಡಲ್, ಎಲ್ಲದರ ಬೆನ್ನಿಗೂ ಅದೇ ಮಾತು ಅಂಟಿಕೊಂಡಿತು. ಪರೀಕ್ಷೆ ಮಾತ್ರ ಹಿಂದೆಯೇ ಉಳಿಯಿತು. ಇದನ್ನೆಲ್ಲ ನೋಡಿದ ಕಾನ್ರನ್ ಕೊನೆಗೆ ತಾನೇ ಶುರು ಮಾಡಿದ್ದಕ್ಕೆ ಬಹಿರಂಗವಾಗಿಯೇ ವಿಷಾದ ಪಟ್ಟರು. ನಿಮಗೆ ನಾನು ಹೇಳುವುದು ಆ ಬಿಟ್ಟುಹೋದ ಭಾಗವನ್ನು ಮಾಡಿ ಎಂದು.

ಈ ಎಫ್1ಬಿ ಲೆಕ್ಕ ಬೇಗ ಮುಗಿಸೋಣ. ಇದು ತಲೆಮಾರಿನ ಲೆಕ್ಕ, ಮೇಲಿನ ಕ್ಯಾನ್ ಎಫ್ 1ಗೂ ಇದಕ್ಕೂ ಸಂಬಂಧವಿಲ್ಲ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗೂ ಪೂಡಲ್‌ಗೂ ಹುಟ್ಟಿದ್ದು ಎಫ್1. ಅದನ್ನು ಮತ್ತೆ ಪೂಡಲ್‌ಗೆ ಕೂಡಿಸಿದರೆ ಎಫ್1ಬಿ, ಸರಾಸರಿ ಮುಕ್ಕಾಲು ಪಾಲು ಪೂಡಲ್. ಎಫ್1ಗಳನ್ನೇ ಪರಸ್ಪರ ಕೂಡಿಸಿದರೆ ಎಫ್2. ಅಲ್ಲಿ ನಾಲ್ಕರಲ್ಲಿ ಒಂದು ಮರಿ ಮೀಸೆ ಗಡ್ಡವಿಲ್ಲದೆ ನಯವಾದ ಮೂತಿಯೊಂದಿಗೆ ಹುಟ್ಟಬಹುದು, ಅಂಥದ್ದು ಕೂದಲು ಉದುರಿಸುತ್ತದೆ. ಹಾಗಾಗಿ ಎಫ್1ಬಿ ಮರಿ ಕೂದಲು ಕಡಿಮೆ ಉದುರಿಸುತ್ತದೆ ಎಂಬ ಮಟ್ಟಿಗೆ ನಿಮ್ಮ ಬ್ರೀಡರ್ ಸುಳ್ಳು ಹೇಳುತ್ತಿಲ್ಲ. ಆದರೆ ಇದು ಕೋಟಿನ ಲೆಕ್ಕ. ಜೊಲ್ಲಿನ ಲೆಕ್ಕವಲ್ಲ.

ಈಗ ನೀವು ಮಾಡಬೇಕಾದ್ದು. ಮಗಳಿಗೆ ನಾಯಿಯಿಂದಲೇ ಸೀನು ಬರುತ್ತದೆ ಎನ್ನುವುದು ಖಚಿತವಾ? ಇಲ್ಲಿನ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಅದರಲ್ಲಿ ಧೂಳಿನ ಹುಳ, ಅಂದರೆ ಡಸ್ಟ್ ಮೈಟ್, ಆರಾಮಾಗಿ ಸಂಸಾರ ಮಾಡುತ್ತವೆ. ಗೆಳತಿಯ ಮನೆಯಲ್ಲಿ ನಾಯಿ ಜೊತೆಗೆ ಬೆಕ್ಕೂ ಇರಬಹುದು. ಬೇಸಿಗೆಯಲ್ಲಿ ಇನ್ಹೇಲರ್ ಬೇಕಾಗುತ್ತದೆ ಎಂದಿರಿ, ಅದು ಹುಲ್ಲಿನ ಪರಾಗದ ಕಾಟ ಇರಬಹುದು. ನಾನು ಮನುಷ್ಯರ ಡಾಕ್ಟರಲ್ಲ, ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಹತ್ತಿರ ಹೋಗಿ ಅಲರ್ಜಿ ಪರೀಕ್ಷೆಗೆ ಬರೆಸಿಕೊಳ್ಳಿ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಾದರೆ ಸೆಟ್ರಿಜಿನ್ ಥರದ ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ಅವರೇ ಹೇಳುತ್ತಾರೆ. ರಕ್ತ ಪರೀಕ್ಷೆಗೆ ಆ ತೊಂದರೆ ಇಲ್ಲ.

ಅಲರ್ಜಿ ಕ್ಲಿನಿಕ್‌ಗೆ ಹೋದರೆ ಒಂದು ವಿಷಯ ಕೇಳಿ. ಕ್ಯಾನ್ ಎಫ್ 5 ಅಂತ ಇನ್ನೊಂದು ಪ್ರೋಟೀನ್ ಇದೆ, ಅದು ಹುಟ್ಟುವುದು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ನಾಯಿ ಅಲರ್ಜಿ ಇರುವ ಒಂದಷ್ಟು ಜನಕ್ಕೆ ಇದೊಂದೇ ಆಗದು. ಅಂಥವರು ಹೆಣ್ಣುನಾಯಿ ಜೊತೆ ನೆಮ್ಮದಿಯಾಗಿ ಇರಬಲ್ಲರು. ಬೀಜ ತೆಗೆಸಿದ ಗಂಡಿನ ಜೊತೆಗೂ ಎಷ್ಟೋ ಸಲ ಆಗುತ್ತದೆ. ನಿಮ್ಮ ಮಗಳು ಈ ಗುಂಪಿನವಳಾಗಿದ್ದರೆ ಎಫ್1ಬಿಗಿಂತ 'ಹೆಣ್ಣು ಮರಿ' ಎಂಬ ಎರಡು ಪದ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದನ್ನು ಹೇಳಿ ಮರಿ ಮಾರಿದವರನ್ನು ನಾನಂತೂ ಕಂಡಿಲ್ಲ.

ಪರೀಕ್ಷೆಯಾದ ಮೇಲೆ ನಾಯಿಯ ಭೇಟಿ. ಮರಿ ಎತ್ತಿ ಮುದ್ದಾಡಿ, "ನೋಡಿ, ಸೀನಲೇ ಇಲ್ಲ" ಎಂದು ಖುಷಿಯಾಗಿ ಮುಂಗಡ ಕೊಟ್ಟು ಬರುವವರು ಬೇಕಾದಷ್ಟು. ಎಂಟು ವಾರದ ಮರಿ ಅಂಗೈಯಗಲ ಇರುತ್ತದೆ. ಅದರ ಕೋಟು ಮರಿಕೋಟು, ಆರು ತಿಂಗಳಿಂದ ವರ್ಷದೊಳಗೆ ಬದಲಾಗುತ್ತದೆ. ಗಂಡು ಮರಿಯಾದರೆ ಪ್ರಾಸ್ಟೇಟ್ ಇನ್ನೂ ಬೆಳೆದೇ ಇರುವುದಿಲ್ಲ. ಆ ಮರಿ ಇವತ್ತು ಏನನ್ನೂ ಹೇಳಲಾರದು. ನೀವು ಕೂರಬೇಕಾದ್ದು ತಾಯಿನಾಯಿಯ ಜೊತೆ, ಅದು ಇರುವ ಮನೆಯಲ್ಲಿ. ಬಾಗಿಲು ಹಾಕಿದ ಕೋಣೆ, ನಾಯಿ ಮಲಗುವ ಸೋಫಾ, ಒಂದೆರಡು ಗಂಟೆ. ಮಗಳು ಅದರ ಬೆನ್ನು ಸವರಲಿ, ಕೈ ನೆಕ್ಕಿಸಿಕೊಳ್ಳಲಿ. ಒಂದು ಸಲ ಸಾಲದು. ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ. ಮನೆಗೆ ಬಂದ ರಾತ್ರಿ ಕೆಮ್ಮು ಬಂತಾ, ಬೆಳಗ್ಗೆ ಮೂಗು ಕಟ್ಟಿತ್ತಾ ಬರೆದಿಟ್ಟುಕೊಳ್ಳಿ. ತಾಯಿ ಒಗ್ಗಿದರೆ ಮರಿಯೂ ಒಗ್ಗುತ್ತದೆ ಎಂಬ ಖಾತರಿ ಇಲ್ಲ, ಸುಲ್ತಾನನ ಒಡಹುಟ್ಟಿದವರನ್ನು ನೋಡಿದಿರಲ್ಲ. ಆದರೆ ತಾಯಿಯೇ ಒಗ್ಗದಿದ್ದರೆ ಅಲ್ಲಿಗೇ ಬಿಡಿ.

ನನ್ನ ಸ್ವಂತ ಮನಸ್ಸಿನಲ್ಲಿರುವುದು ಬೇರೆಯೇ. ಎರಡು ಮೂರು ವರ್ಷದ, ಬೇರೆ ಮನೆ ಹುಡುಕುತ್ತಿರುವ ಒಂದು ನಾಯಿ. ಕೊರೋನಾ ಕಾಲದಲ್ಲಿ ಕೊಂಡು ಆಮೇಲೆ ಸಾಕಲಾಗದೆ ಬಿಟ್ಟ ಡೂಡಲ್‌ಗಳು, ಅಂದರೆ ಇಂಥ ಪೂಡಲ್ ಮಿಶ್ರತಳಿಗಳು, ಇಲ್ಲಿ ಎಷ್ಟೋ ಇವೆ. ಬೆಳೆದ ನಾಯಿಯ ಕೋಟು, ಗುಣ, ನಿಮ್ಮ ಮಗಳಿಗೆ ಅದು ಆಗುತ್ತದಾ ಇಲ್ಲವಾ, ಎಲ್ಲವೂ ಕಣ್ಣ ಮುಂದೆಯೇ ಇರುತ್ತದೆ. ಮರಿಯೇ ಬೇಕು ಎಂದು ಮಗಳು ಅಳುತ್ತಾಳೆ, ಗೊತ್ತು. ಆದರೂ ಒಮ್ಮೆ ಯೋಚಿಸಿ.

ಕೂದಲು ಉದುರುವುದಿಲ್ಲ ಎಂಬ ಮಾತಿಗೆ ಬರೋಣ. ಉದುರುತ್ತದೆ ರೀ. ನೆಲಕ್ಕೆ ಬೀಳದೆ ಸುರುಳಿಯೊಳಗೇ ಸಿಕ್ಕಿಕೊಳ್ಳುತ್ತದೆ. ನೀವು ತೆಗೆಯದಿದ್ದರೆ ಗಂಟಾಗುತ್ತದೆ. ಒಮ್ಮೆ ನಮ್ಮಲ್ಲಿಗೆ ಒಂದು ಕಾಕಪೂ ತಂದಿದ್ದರು. ಮೇಲಿಂದ ನೋಡಿದರೆ ನಯವಾಗಿ ಉಬ್ಬಿಕೊಂಡಿತ್ತು, ದಿನಾ ಬ್ರಷ್ ಮಾಡುತ್ತೇವೆ ಎಂದರು. ಬೆರಳು ಇಳಿಸಿ ನೋಡಿದರೆ ಚರ್ಮವೇ ಸಿಗದು. ಅಡಿಯಲ್ಲೆಲ್ಲ ಹೆಣೆದ ಹಾಗೆ ಗಂಟು. ಮಂಪರು ಬರುವ ಮದ್ದು ಕೊಟ್ಟು ಬೋಳಿಸಬೇಕಾಯಿತು. ಮಷೀನು ಸಾಗಿದ ಹಾಗೆ ಕೂದಲು ಬಿಡಿಬಿಡಿಯಾಗಿ ಬೀಳಲಿಲ್ಲ, ಕಂಬಳಿ ಸುಲಿದ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಒಳಗೆ ಒದ್ದೆ ಗೋಣಿಚೀಲದ ವಾಸನೆ. ಕಿವಿಯ ಹಿಂದೆ, ಕಂಕುಳಲ್ಲಿ ಚರ್ಮ ಕೆಂಪಗೆ ಹುಣ್ಣಾಗಿತ್ತು. ಆ ಕಂಬಳಿಯಲ್ಲಿ ಎಷ್ಟು ತಿಂಗಳ ಹೊಟ್ಟು, ಜೊಲ್ಲು, ಪರಾಗ ಕೂತಿತ್ತೋ! ಅಲರ್ಜಿ ಇರುವ ಮಗು ರಾತ್ರಿ ಅಪ್ಪಿಕೊಂಡು ಮಲಗುತ್ತಿದ್ದುದು ಅದನ್ನೇ.

ಹಾಗಾಗಿ ಬ್ರಷ್ ಸಾಲದು. ಸ್ಟೀಲಿನ ಬಾಚಣಿಗೆ ತಗೊಳ್ಳಿ. ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಚರ್ಮ ಕಾಣಿಸುವಷ್ಟು ಆಳಕ್ಕೆ, ಪದರ ಪದರವಾಗಿ ಬಾಚಬೇಕು. ಮನೆಯ ಹೊರಗೆ, ಹಿತ್ತಿಲಲ್ಲಿ ಬಾಚಿ. ಬಾಚುವ ಕೆಲಸ ನಿಮ್ಮ ಯಜಮಾನರಿಗೆ ಇರಲಿ, ಮಗಳಿಗೆ ಬೇಡ. ಆರೆಂಟು ವಾರಕ್ಕೊಮ್ಮೆ ಗ್ರೂಮರ್ ಹತ್ತಿರ ಹೋಗಿ ಗಿಡ್ಡವಾಗಿ ಕತ್ತರಿಸಿಸಿ. ಟೆಡ್ಡಿ ಕರಡಿಯ ಹಾಗೆ ಕಾಣಬೇಕೆಂಬ ಆಸೆ ಬಿಟ್ಟುಬಿಡಿ. ವಾಕಿಂಗ್ ಮುಗಿಸಿ ಬಂದಾಗ ಒದ್ದೆ ಬಟ್ಟೆಯಲ್ಲಿ ಮೈ, ಕಾಲು ಒರೆಸಿ. ಮೇ, ಜೂನ್, ಜುಲೈನಲ್ಲಿ ಇದನ್ನು ತಪ್ಪಿಸುವ ಹಾಗೇ ಇಲ್ಲ. ಹುಲ್ಲಿನ ಪರಾಗ ಮನೆಯೊಳಕ್ಕೆ ಬರುವುದು ಅದರ ಗುಂಗುರಿನಲ್ಲೇ. ಸ್ನಾನ ಮಾಡಿಸಿದರೆ ಅಲರ್ಜಿ ತರುವ ಪ್ರೋಟೀನು ಕಡಿಮೆಯಾಗುತ್ತದೆ, ನಿಜ. ಆದರೆ ಕೆಲವೇ ದಿನದಲ್ಲಿ ಮತ್ತೆ ಅಷ್ಟಕ್ಕಷ್ಟೇ. ಆ ಲಾಭ ಉಳಿಯಬೇಕಾದರೆ ವಾರಕ್ಕೆ ಎರಡು ಸಲ ಬೇಕು. ಮೊದಲ ತಿಂಗಳ ಉತ್ಸಾಹ ಇಳಿದ ಮೇಲೂ ಅಷ್ಟು ಮಾಡುವ ಮನೆ ನಾನು ನೋಡಿಲ್ಲ. ಮಹಡಿ ಮೆಟ್ಟಿಲಿಗೆ ಒಂದು ಗೇಟು ಹಾಕಿ, ಮಲಗುವ ಕೋಣೆಗೆ ನಾಯಿ ಹೋಗದ ಹಾಗೆ ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ. ನನ್ನ ಕೇಳಿದರೆ ಈ ಗೇಟೇ ಸ್ನಾನಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಬ್ರೀಡರ್ ವಿಷಯದಲ್ಲಿ ನಿಮ್ಮ ಕೈಯಲ್ಲಿ ಕಾನೂನಿದೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಲೂಸಿ ಕಾನೂನು ಬಂದಿದೆ. ಆರು ತಿಂಗಳೊಳಗಿನ ಮರಿಯನ್ನು ವ್ಯಾಪಾರಕ್ಕೆ ಮಾರುವವರು ತಾವೇ ಬೆಳೆಸಿದ್ದನ್ನು ಮಾತ್ರ ಮಾರಬೇಕು, ಮರಿಯನ್ನು ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆಯಲ್ಲಿ ತೋರಿಸಬೇಕು. ನಡುವಿನ ದಲ್ಲಾಳಿ ಇರುವಂತಿಲ್ಲ. ಲೂಸಿ ಎಂಬುದು ಮರಿ ಹಾಕಿಸಿ ಹಾಕಿಸಿ ಜರ್ಝರಿತವಾಗಿದ್ದ ಒಂದು ಕ್ಯಾವಲಿಯರ್ ನಾಯಿಯ ಹೆಸರು. ನಿಮ್ಮ ಕ್ಯಾವಪೂವಿನ ಅಜ್ಜಿಯ ಕುಲವೇ.

ಆ ಕುಲದ ಹೃದಯ ಸ್ವಲ್ಪ ದುರ್ಬಲ. ಹತ್ತು ವರ್ಷ ಮುಟ್ಟುವ ಹೊತ್ತಿಗೆ ಬಹುತೇಕ ಕ್ಯಾವಲಿಯರ್‌ಗಳಿಗೆ ಹೃದಯದ ಕವಾಟ ಸೋರಲು ಶುರುವಾಗಿರುತ್ತದೆ. ಪೂಡಲ್ ಕಡೆಯಿಂದ ಕಣ್ಣಿನ ಹಿಂಭಾಗದ ರೆಟಿನಾ ಸವೆದು ಕುರುಡಾಗುವ ಕಾಯಿಲೆ, ಮಂಡಿಚಿಪ್ಪು ಜಾರುವುದು. ಮಿಶ್ರತಳಿಯಾದರೆ ಇವೆಲ್ಲ ಬರುವುದಿಲ್ಲ ಎನ್ನುತ್ತಾರಲ್ಲ, ಅದನ್ನೂ ನಂಬಬೇಡಿ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ ಕಾಕಪೂ, ಕ್ಯಾವಪೂ, ಲ್ಯಾಬ್ರಡೂಡಲ್‌ಗಳನ್ನು ಅವುಗಳ ಮೂಲ ತಳಿಗಳ ಜೊತೆ ಹೋಲಿಸಿತು. 9,402 ನಾಯಿಗಳ ಮಾಹಿತಿ. 86.6% ಹೋಲಿಕೆಗಳಲ್ಲಿ ಕಾಯಿಲೆಯ ಸಾಧ್ಯತೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ತಂದೆ ತಾಯಿ ಎರಡರದ್ದೂ ಡಿಎನ್‌ಎ ಪರೀಕ್ಷೆಯ ಕಾಗದ, ತಾಯಿಯ ಹೃದಯ ತಪಾಸಣೆಯ ಕಾಗದ ಕೇಳಿ. "ವೆಟ್ ಚೆಕ್ ಆಗಿದೆ" ಎಂದರೆ ನನ್ನಂಥವನೊಬ್ಬ ಐದು ನಿಮಿಷ ಸ್ಟೆಥೋಸ್ಕೋಪ್ ಇಟ್ಟು ನೋಡಿದ್ದಾನೆ ಎಂದರ್ಥ, ಅದು ಇದಲ್ಲ. ಮರಿ ಒಗ್ಗದಿದ್ದರೆ ಎಷ್ಟು ವಾರದೊಳಗೆ, ಎಷ್ಟು ದುಡ್ಡಿಗೆ ವಾಪಸ್ ತಗೊಳ್ಳುತ್ತೀರಿ ಎಂಬುದನ್ನು ಬರೆಸಿಕೊಳ್ಳಿ. ಹೈಪೋಅಲರ್ಜೆನಿಕ್ ಎಂದು ಅಷ್ಟು ಧೈರ್ಯದಿಂದ ಹೇಳುವವರು ಈ ಒಂದು ಸಾಲು ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿದ ಹಾಗೆಯೇ.

ಇನ್ನು ನಿಮ್ಮ ಅತ್ತೆಯವರು. ಪ್ರಶ್ನೆಯಲ್ಲಿ ಅವರು ಒಂದು ಸಾಲಿನಲ್ಲಿ ಬಂದು ಹೋದರು, ನನಗೆ ಮುಖ್ಯ ಅವರೇ. ಮಗಳ ಸೀನು ಕಿರಿಕಿರಿ. ಅವರ ಉಬ್ಬಸ ಹಾಗಲ್ಲ, ಜಾಸ್ತಿಯಾದರೆ ರಾತ್ರೋರಾತ್ರಿ ಆಸ್ಪತ್ರೆ. ನಾಯಿ ಹನ್ನೆರಡು, ಹದಿನಾಲ್ಕು ವರ್ಷ ಬದುಕುತ್ತದೆ. ಅಷ್ಟೂ ವರ್ಷ ಅವರು ಬಂದು ಹೋಗುವ ಮನೆ ಇದು. ಅವರು ಬಂದಾಗ ಮಾತ್ರ ನಾಯಿಯನ್ನು ಬೇರೆಡೆ ಬಿಡುತ್ತೇವೆ ಎಂದರೆ ನಡೆಯದು. ನಾಯಿ ಹೋದ ಮೇಲೂ ಕಾರ್ಪೆಟ್ಟು, ಸೋಫಾಗಳಲ್ಲಿ ಅಲರ್ಜಿ ತರುವ ಪ್ರೋಟೀನು ತಿಂಗಳುಗಟ್ಟಲೆ ಉಳಿಯುತ್ತದೆ. ಅವರಿಗೆ ನಾಯಿಯಿಂದ ಉಬ್ಬಸ ಕೆದರುತ್ತದಾ ಎಂದು ಮೈಸೂರಿನಲ್ಲೇ ಅವರ ಡಾಕ್ಟರಲ್ಲಿ ಕೇಳಿ, ರಕ್ತ ಪರೀಕ್ಷೆ ಅಲ್ಲೇ ಮಾಡಿಸಬಹುದು. ಕೆದರುತ್ತದೆ ಎಂದಾದರೆ ನನ್ನ ಉತ್ತರ 'ಬೇಡ'. ಅದಕ್ಕೆ ಯಾವ ತಳಿಯ ವಿನಾಯಿತಿಯೂ ಇಲ್ಲ. ಇಲ್ಲ ಎಂದಾದರೆ ಏಪ್ರಿಲ್‌ನಲ್ಲಿ ಅವರೂ ನಿಮ್ಮ ಜೊತೆ ನಾಯಿ ನೋಡಲು ಬರಲಿ.

ಶನಿವಾರ ಬ್ರೀಡರ್‌ಗೆ ಫೋನ್ ಮಾಡಿ. ಮರಿಯ ಬೆಲೆ ಮಾತಾಡಬೇಡಿ. "ತಾಯಿನಾಯಿ ಜೊತೆ ಎರಡು ಗಂಟೆ ಕೂರಬೇಕು, ಮಗಳಿಗೆ ಅಲರ್ಜಿ ಇದೆ, ಎರಡು ಮೂರು ಸಲ ಬರುತ್ತೇವೆ" ಎನ್ನಿ. ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದರೆ ಅವರಿಗೇ ಕೊಡಲಿ ಬಿಡಿ. ಬನ್ನಿ ಎಂದರೆ ಮೊದಲು ಜಿಪಿಯನ್ನು ಕೇಳಿ ಹೋಗಿ. ಸೆಟ್ರಿಜಿನ್ ಕೊಟ್ಟು ಕರೆದೊಯ್ದರೆ ನಿಜ ಗೊತ್ತಾಗುವುದಿಲ್ಲ, ಅದನ್ನು ಬಿಟ್ಟು ಹೋಗಬಹುದಾ ಎಂದು ಅವರು ಹೇಳಲಿ. ದಿನಾ ತಗೊಳ್ಳುವ ಇನ್ಹೇಲರ್ ಏನಾದರೂ ಇದ್ದರೆ ಅದನ್ನು ಮಾತ್ರ ಬಿಡಬೇಡಿ. ನೀಲಿ ಇನ್ಹೇಲರ್ ಕಾರಿನಲ್ಲಿ ಬೇಡ, ನಿಮ್ಮ ಕೈಚೀಲದಲ್ಲೇ ಇರಲಿ.